ಮಾರ್ಚಿನ ನಕ್ಷೆ, ಆಟಿಯ ಪದವು

ಪದವಿನಂಗಡಿಯಲ್ಲಿ ಅಂಗಡಿಗಳಿವೆ, ಪದವು ಇಲ್ಲ. ಮಂಗಳೂರಿನ ಸುತ್ತ ಹೆಸರಿನ ಬಾಲದಲ್ಲಿ ಪದವು ಅಂಟಿಕೊಂಡಿರುವ ಹಲವು ಊರುಗಳಿಗೆ ಇದೇ ಗತಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪದವು ಎಂದರೆ ಗುಡ್ಡದ ನೆತ್ತಿಯಲ್ಲಿ ಚಪ್ಪಟೆಯಾಗಿ ಹಾಸಿಕೊಂಡ ಕೆಂಪುಕಲ್ಲಿನ ಬಯಲು. ಬೇಸಿಗೆಯಲ್ಲಿ ಬರಿಗಾಲು ಇಡಲಾಗದು, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ಕ್ರಿಕೆಟ್ ಆಡುವ ಹುಡುಗರು, ದನ ಮೇಯಿಸುವವರು, ಕಲ್ಲುಕೋರೆಯವರು ಇವರನ್ನು ಬಿಟ್ಟರೆ ಉಳಿದವರಿಗೆ ಅದರ ಗೊಡವೆ ಇಲ್ಲ. ಹಾಗಾಗಿ ಕಾಲೇಜು ಬರಲಿ, ಕೈಗಾರಿಕಾ ಪ್ರದೇಶ ಬರಲಿ, ಬಡಾವಣೆ ಬರಲಿ, ಮೊದಲು ಕಣ್ಣು ಬೀಳುವುದು ಪದವಿನ ಮೇಲೆ. ಮಣಿಪಾಲ ಬೆಳೆದದ್ದು ಇಂಥ ಕಲ್ಲುಗುಡ್ಡದ ಮೇಲೆ. ಕೊಣಾಜೆಯ ವಿಶ್ವವಿದ್ಯಾನಿಲಯ ನಿಂತಿರುವುದೂ ಅಂಥದ್ದೇ ನೆತ್ತಿಯಲ್ಲಿ.

ನಾನು ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಈಗ ಆಗಾಗ ಪರಿಸರ ಸಲಹಾ ಸಂಸ್ಥೆಗಳ ತಂಡಗಳ ಜೊತೆ ಗಿಡ ಗುರುತಿಸುವ ಕೆಲಸಕ್ಕೆ ಹೋಗುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ, ಯೋಜನೆಯೊಂದರ ವರದಿಯ ಕನ್ನಡ ಸಾರಾಂಶ ಕೈಗೆ ಬಂತು. ಇಂಥ ಸಾರಾಂಶಗಳ ಕನ್ನಡವನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಒಂದು ತಪಸ್ಸು, ಅದನ್ನು ಬಿಡೋಣ. ಆದರೆ ಒಂದು ವಾಕ್ಯ ಮಾತ್ರ ಸ್ಪಷ್ಟವಾಗಿತ್ತು. ಯೋಜನಾ ಪ್ರದೇಶವು ಬಂಜರು ಬಂಡೆಭೂಮಿಯಾಗಿದ್ದು, ಗಮನಾರ್ಹ ಸಸ್ಯವರ್ಗ ಕಂಡುಬಂದಿಲ್ಲ.

ಸಮೀಕ್ಷೆ ನಡೆದದ್ದು ಮಾರ್ಚ್ ತಿಂಗಳಲ್ಲಿ. ಆ ವಾಕ್ಯದಲ್ಲಿ ಒಂದಕ್ಷರ ಸುಳ್ಳಿಲ್ಲ. ಮಾರ್ಚಿನಲ್ಲಿ ಆ ಪದವಿನ ಮೇಲೆ ಸುಟ್ಟ ಹುಲ್ಲಿನ ಬುಡ, ಅಲ್ಲೊಂದು ಇಲ್ಲೊಂದು ಕೇಪಳದ ಪೊದೆ, ಬಿರುಕಿನಲ್ಲಿ ಬೇರೂರಿದ ಕುಂಟು ನೇರಳೆ, ಬಿಟ್ಟರೆ ಬರೀ ಕಲ್ಲು. ನಾನು ಹೋಗಿದ್ದರೂ ಅದನ್ನೇ ಬರೆಯುತ್ತಿದ್ದೆ.

ಅದೇ ಜಾಗಕ್ಕೆ ಜುಲೈ ಕೊನೆಯಲ್ಲಿ ಹೋದೆವು. ಯಾರ ಗುತ್ತಿಗೆಯೂ ಅಲ್ಲ, ಹಳೆಯ ವಿದ್ಯಾರ್ಥಿನಿಯೊಬ್ಬಳ ಹಟಕ್ಕೆ. ಅವಳೀಗ ಸಲಹಾ ಸಂಸ್ಥೆಯೊಂದರಲ್ಲಿ ಪರಿಸರ ತಜ್ಞೆ. ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು ಕತ್ತರಿಸಿ ಮಾಡಿದ ಒಂದು ಮೀಟರ್ ಚೌಕದ ಚೌಕಟ್ಟು, ಎರಡು ಕೊಡೆ, ಹತ್ತು ಪಟ್ಟು ಹಿರಿದು ತೋರಿಸುವ ಮಸೂರ, ಪ್ಲಾಸ್ಟಿಕ್ ಹೊದಿಸಿದ ನೋಟ್‌ಬುಕ್ಕು, ಒಂದು ಜಿಪಿಎಸ್ ಉಪಕರಣ, ಇಷ್ಟೇ ಸಾಮಗ್ರಿ. ಚೌಕಟ್ಟನ್ನು ಕಲ್ಲಿನ ತಗ್ಗೊಂದರ ಪಕ್ಕ ಇಟ್ಟು ಇಬ್ಬರೂ ಮೊಣಕಾಲೂರಿ ಕುಳಿತೆವು. ತಗ್ಗಿನಲ್ಲಿ ಬೆರಳ ಗೆಣ್ಣಿನಷ್ಟು ನೀರು. ಅದರ ಅಂಚಿನಲ್ಲಿ ಯುಟ್ರಿಕ್ಯುಲೇರಿಯಾದ ನೇರಳೆ ಹೂಗಳು, ಒಂದೊಂದೂ ಕಿರುಬೆರಳ ಉಗುರಿಗಿಂತ ಚಿಕ್ಕವು. ನೀರಿನಡಿ ಅದರ ಬೇರಿನಂಥ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು. ಅವುಗಳೊಳಗೆ ನೀರುಹುಳುಗಳು ಸಿಕ್ಕಿ ಕರಗುತ್ತವೆ. ಪಕ್ಕದಲ್ಲೇ ಡ್ರೊಸೆರಾ, ಎಲೆಯ ಕೂದಲ ತುದಿಯಲ್ಲಿ ಅಂಟು ಹನಿ, ಒಂದರಲ್ಲಿ ಆಗಷ್ಟೇ ಸಿಕ್ಕಿಕೊಂಡ ನುಸಿ. ಎರಡೂ ಹುಳ ತಿನ್ನುವ ಗಿಡಗಳು. ಈ ಕಲ್ಲಿನ ಮೇಲಿನ ಮಣ್ಣಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣು ಕೊಡದ್ದನ್ನು ಅವು ಹುಳದಿಂದ ಪಡೆಯುತ್ತವೆ. ಅವುಗಳ ನಡುವೆ ಅಂಗಿಯ ಗುಂಡಿಯಂಥ ಬಿಳಿ ತಲೆ ಎತ್ತಿ ನಿಂತ ಎರಿಯೋಕಾಲಾನ್. ಈ ಗಿಡದ ಜಾತಿ ಗುರುತಿಸಲು ಬೀಜವನ್ನು ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ಒಂದು ಚೌಕ ಮುಗಿಯುವಾಗ ನಲವತ್ತು ನಿಮಿಷವಾಗಿತ್ತು, ನೋಟ್‌ಬುಕ್ಕಿನ ಪುಟ ತುಂಬಿತ್ತು, ನನ್ನ ಸೊಂಟ ಹಿಡಿದಿತ್ತು.

ದನ ಹೊಡೆದುಕೊಂಡು ಹೊರಟಿದ್ದ ಅಜ್ಜರೊಬ್ಬರು ದೂರದಿಂದಲೇ ನೋಡುತ್ತ ನಿಂತರು. "ಮಾಸ್ಟ್ರೇ, ಏನು ಕಳೆದುಹೋಯಿತು?" ಎಂದು ಕೇಳಿದರು. ಗಿಡ ನೋಡುತ್ತಿದ್ದೇವೆ ಎಂದೆ. ಅವರು ಜಿಪಿಎಸ್ ಉಪಕರಣ ಕಂಡು ಮುಖ ಬಿಗಿದುಕೊಂಡರು. "ನೀವು ಕಸ್ತೂರಿರಂಗನ್ ಸರ್ವೆಯವರೋ?" ಈ ಪ್ರಶ್ನೆಯ ಹಿಂದಿನ ಸಂಗತಿಗೆ ಆಮೇಲೆ ಬರುತ್ತೇನೆ.

ಈ ಗಿಡಗಳ ಆಯುಸ್ಸು ನಾಲ್ಕೈದು ತಿಂಗಳು. ಜೂನಿನ ಮೊದಲ ಮಳೆಗೆ ಮೊಳೆತು, ತುಳುವರ ಆಟಿ-ಸೋಣ ತಿಂಗಳುಗಳಲ್ಲಿ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಹೂ ಬಿಟ್ಟು, ಅಕ್ಟೋಬರ್ ಹೊತ್ತಿಗೆ ಬೀಜ ಉದುರಿಸಿ ಒಣಗುತ್ತವೆ. ಉಳಿದ ಏಳೆಂಟು ತಿಂಗಳು ಅವು ಇರುವುದು ಕಲ್ಲಿನ ಸಂದಿಯ ಮಣ್ಣಿನಲ್ಲಿ ಧೂಳಿನಂಥ ಬೀಜವಾಗಿ. ಸಾತಾರದ ಕಾಸ್ ಪ್ರಸ್ಥಭೂಮಿಯಲ್ಲೂ ಇದೇ ಬಗೆಯ ಕೆಂಪುಕಲ್ಲು, ಇದೇ ಕುಲದ ಹೂಗಳು. ಅದು 2012ರಲ್ಲಿ ಪಶ್ಚಿಮ ಘಟ್ಟದ 39 ವಿಶ್ವ ಪರಂಪರೆಯ ತಾಣಗಳ ಪಟ್ಟಿ ಸೇರಿತು, ಈಗ ಜನ ಟಿಕೆಟ್ ಕೊಂಡು ಹೋಗಿ ನೋಡುತ್ತಾರೆ. ನಮ್ಮ ಪದವುಗಳು ಅಷ್ಟು ಎತ್ತರದಲ್ಲಿಲ್ಲ, ಅಷ್ಟು ವಿಶಾಲವೂ ಅಲ್ಲ. ಆದರೆ ಕಾಸ್‌ನ ದಾಯಾದಿಗಳು ಎಂಬುದರಲ್ಲಿ ಸಂಶಯವಿಲ್ಲ.

ಹಾಗಾದರೆ ಸಮೀಕ್ಷೆಯವರು ಆಟಿಯಲ್ಲಿ ಏಕೆ ಬರುವುದಿಲ್ಲ?

ಮೊದಲ ಕಾರಣ ಕಡತದಲ್ಲಿದೆ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕೆನ್ನುವುದು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ. ಅದರಡಿ ವರದಿ ತಯಾರಿಸುವಾಗ ಗಾಳಿಯ ಗುಣಮಟ್ಟವನ್ನು ಮಳೆಗಾಲ ಬಿಟ್ಟು ಬೇರೊಂದು ಋತುವಿನಲ್ಲಿ ಅಳೆಯಬೇಕು ಎಂಬುದು ರೂಢಿಯ ಷರತ್ತು. ಗಾಳಿಯ ಮಟ್ಟಿಗೆ ಇದು ಸರಿಯೇ. ಮಳೆ ಧೂಳನ್ನು ತೊಳೆದುಬಿಡುವುದರಿಂದ ಜುಲೈಯಲ್ಲಿ ಅಳೆದರೆ ಎಲ್ಲ ಕಾರ್ಖಾನೆಗಳೂ ಋಷ್ಯಾಶ್ರಮಗಳಂತೆ ಕಾಣುತ್ತವೆ. ಆದರೆ ಗಾಳಿ ಅಳೆಯುವವರು, ನೀರಿನ ಮಾದರಿ ತೆಗೆಯುವವರು, ಶಬ್ದ ಅಳೆಯುವವರು, ಗಿಡ ನೋಡುವವರು ಎಲ್ಲರೂ ಒಂದೇ ಗಾಡಿಯಲ್ಲಿ, ಒಂದೇ ವಸತಿಗೃಹದ ಖರ್ಚಿನಲ್ಲಿ ಬರುತ್ತಾರೆ. ಗಾಳಿಗೆ ಹೊಂದುವ ಋತುವೇ ಗಿಡಕ್ಕೂ ಗಂಟು ಬೀಳುತ್ತದೆ.

ಬಂದ ಮೇಲೂ ಸಮಯ ಎಷ್ಟು? ಅಧ್ಯಯನದ ವ್ಯಾಪ್ತಿ ಸಾಮಾನ್ಯವಾಗಿ ಯೋಜನೆಯ ಸುತ್ತ 10 ಕಿಲೋಮೀಟರ್. ವೃತ್ತ ಎಳೆದರೆ 314 ಚದರ ಕಿಲೋಮೀಟರ್. ಪಣಂಬೂರಿನಂಥ ಕಡೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅರಬ್ಬಿ ಸಮುದ್ರ, ಆ ಮಟ್ಟಿಗೆ ಗಿಡ ನೋಡುವವರಿಗೆ ಉಳಿತಾಯ. ಉಳಿದರ್ಧವನ್ನೂ ನಾಲ್ಕೈದು ದಿನದಲ್ಲಿ ಇಬ್ಬರು ನಡೆದು ಮುಗಿಸಲಾರರು. ಆಗ ನೆರವಿಗೆ ಬರುವುದು ಉಪಗ್ರಹ ಚಿತ್ರ. ಕಚೇರಿಯಲ್ಲಿ ಕುಳಿತು ಚಿತ್ರದ ಬಣ್ಣ ವಿಂಗಡಿಸಿ, ಇದು ಕಾಡು, ಇದು ತೋಟ, ಇದು ಬಂಜರು ಎಂದು ನಕ್ಷೆ ಮಾಡುತ್ತಾರೆ. ಪ್ರತಿ ಬಣ್ಣದಲ್ಲೂ ನಾಲ್ಕಾರು ಕಡೆ ನಡೆದು ತಾಳೆ ನೋಡುತ್ತಾರೆ.

ಈ ಪದ್ಧತಿಯಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಚಿತ್ರದ ತಾರೀಖಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮೇಲೆ ಮೋಡ ಕವುಚಿ ಮಲಗಿರುತ್ತದೆ. ಬೆಳಕನ್ನು ಹಿಡಿಯುವ ಉಪಗ್ರಹಕ್ಕೆ ಆಗ ಸಿಗುವುದು ಮೋಡದ ಬೆನ್ನು ಮಾತ್ರ. ಯುರೋಪಿನ ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದುಹೋದರೂ ಆಟಿ ತಿಂಗಳಲ್ಲಿ ಒಂದು ಶುಭ್ರ ಚಿತ್ರ ಸಿಗುವುದು ಅದೃಷ್ಟ. ಹಾಗಾಗಿ ಎಲ್ಲರೂ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಚಿತ್ರ ತೆಗೆದುಕೊಳ್ಳುತ್ತಾರೆ. ಅಂದರೆ ಮೇಲಿನಿಂದ ನೋಡುವ ಕಣ್ಣು, ಕೆಳಗೆ ನಡೆಯುವ ಕಾಲು ಎರಡೂ ಪದವಿಗೆ ಬರುವುದು ಅದು ಸತ್ತಂತೆ ಬಿದ್ದಿರುವ ಹೊತ್ತಿನಲ್ಲಿ. ಒಂದು ಇನ್ನೊಂದರ ತಪ್ಪನ್ನು ತಿದ್ದಬೇಕಿತ್ತು. ಇಲ್ಲಿ ಎರಡೂ ಸೇರಿ ಒಂದೇ ತಪ್ಪಿಗೆ ಸಾಕ್ಷಿ ಹೇಳುತ್ತವೆ. ವರದಿ ಓದುವ ಅಧಿಕಾರಿಗೆ ಉಪಗ್ರಹವೂ ಬಂಜರೆಂದಿತು, ತಜ್ಞರೂ ಬಂಜರೆಂದರು, ಇನ್ನೇನು ಬೇಕು?

ಇನ್ನು ಅಳತೆಯ ಮಾತು. ನಕ್ಷೆಯವರು ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ, ನಮ್ಮ ಜಿಲ್ಲೆಯವರಿಗೆ ಸೆಂಟ್ಸ್ ಲೆಕ್ಕ ಬೇಗ ಹತ್ತುತ್ತದೆ. ನೂರು ಸೆಂಟ್ಸ್ ಎಂದರೆ ಒಂದು ಎಕರೆ. ಸೆಂಟಿನೆಲ್-2ರ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಚೌಕ, ಅಂದರೆ ಸುಮಾರು ಎರಡೂವರೆ ಸೆಂಟ್ಸ್. ಭಾರತದ ಲಿಸ್-3 ಕ್ಯಾಮೆರಾದ ಚುಕ್ಕಿ 23.5 ಮೀಟರ್ ಚೌಕ, ಸುಮಾರು ಹದಿಮೂರೂವರೆ ಸೆಂಟ್ಸ್. ಅಮೆರಿಕದ ಲ್ಯಾಂಡ್‌ಸ್ಯಾಟ್‌ನದು 30 ಮೀಟರ್, 22 ಸೆಂಟ್ಸ್. ಚುಕ್ಕಿಯೊಳಗೆ ಏನೇ ಇದ್ದರೂ ಎಲ್ಲ ಬೆರೆತು ಒಂದೇ ಬಣ್ಣ. ಈಗ ನಿಮ್ಮ ಕುಟುಂಬದ ನಾಗಬನವನ್ನು ನೆನೆಯಿರಿ. ಐದೋ ಹತ್ತೋ ಸೆಂಟ್ಸಿನಲ್ಲಿ ಹಾಲೆ, ಕಾಸರಕ, ಬೋಗಿ, ಬಳ್ಳಿಗಳು ಹೆಣೆದುಕೊಂಡ ಕತ್ತಲು. ಲಿಸ್-3ರ ಒಂದು ಚುಕ್ಕಿಯೊಳಗೆ ಇಡೀ ಬನ, ಪಕ್ಕದ ಮನೆಯ ಹೆಂಚು, ಗದ್ದೆಯ ಅಂಚು ಎಲ್ಲ ಸೇರಿ ಮಸುಕು ಹಸಿರಾಗುತ್ತವೆ. ಬನದ ಮರ ಕಡಿದು ಕಾಂಕ್ರೀಟು ಕಟ್ಟೆ ಕಟ್ಟಿ ಗ್ರಾನೈಟ್ ಹಾಸಿದರೂ ಆ ನಕ್ಷೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಿಸದು. ನಾಗನಿಗೆ ಕಾಣುತ್ತದೆ, ಅದು ಬೇರೆ.

ಉಲ್ಟಾ ದೋಷವೂ ಉಂಟು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡಾ 10ಕ್ಕಿಂತ ಹೆಚ್ಚು ಮರದ ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಭೂಮಿ ಯಾರದ್ದು, ಮರ ಯಾವುದು ಎಂಬ ಪ್ರಶ್ನೆಯೇ ಇಲ್ಲ. ರಬ್ಬರ್ ತೋಟ, ಗೇರು ತೋಪು, ಅಕೇಶಿಯಾ ನೆಡುತೋಪು ಎಲ್ಲವೂ ಅದರೊಳಗೆ ಸಮಾವೇಶ. ಜಿಲ್ಲೆಯ ಹಸಿರು ಏರಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾನು ಮೊದಲು ಯೋಚಿಸುವುದು ಎಷ್ಟು ಪದವಿನ ಮೇಲೆ ಅಕೇಶಿಯಾ ಎದ್ದಿರಬಹುದು ಎಂದು. ಹಸಿರಿನ ಸಾಂದ್ರತೆ ಹೇಳುವ ಎನ್‌ಡಿವಿಐ ಎಂಬ ಸೂಚ್ಯಂಕವೂ ಹಾಗೆಯೇ. ಧೂಪದ ಮರಕ್ಕೂ, ಊರವರು ಕಮ್ಯುನಿಸ್ಟ್ ಎಂದು ಕರೆಯುವ ಕಳೆಗೂ ಅದರ ಕಣ್ಣಲ್ಲಿ ಅಂತರ ಬಹಳ ಕಡಿಮೆ. ಇನ್ನೊಂದು ವಿಚಿತ್ರ ನೋಡಿ. ಒಂದು ಯೋಜನೆಯಲ್ಲಿ ಕಡಿದ ಮರಗಳಿಗೆ ಬದಲಾಗಿ ಸಸಿ ನೆಡಬೇಕಾದಾಗ ಖಾಲಿ ಜಾಗ ಎಲ್ಲಿದೆ ಎಂದು ಹುಡುಕುತ್ತಾರೆ, ನಕ್ಷೆ ಪದವನ್ನು ತೋರಿಸುತ್ತದೆ. ಒಂದು ಪದವು ಯೋಜನೆಗೆ ಹೋಗುತ್ತದೆ, ಇನ್ನೊಂದು ಪರಿಹಾರಕ್ಕೆ ಹೋಗುತ್ತದೆ. ಯುಟ್ರಿಕ್ಯುಲೇರಿಯಾಕ್ಕೆ ಬೇಕಾದದ್ದು ತೆರೆದ ಬಿಸಿಲು, ತೆಳು ನೀರು. ಅಕೇಶಿಯಾದ ತರಗೆಲೆಯಡಿ ಅದು ಏಳುವುದಿಲ್ಲ.

ಅಜ್ಜರ ಪ್ರಶ್ನೆಗೆ ಬರುತ್ತೇನೆ. ಪಶ್ಚಿಮ ಘಟ್ಟದ ರಕ್ಷಣೆಗೆಂದು ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಚೌಕಗಳಾಗಿ ವಿಂಗಡಿಸಿತ್ತು. 2013ರ ಕಸ್ತೂರಿರಂಗನ್ ಸಮಿತಿ ಗ್ರಾಮವನ್ನೇ ಘಟಕ ಮಾಡಿಕೊಂಡು, ಲಿಸ್-3 ಚಿತ್ರಗಳಿಂದ ಸಹಜ ಭೂದೃಶ್ಯ ಯಾವುದು, ಮನುಷ್ಯ ರೂಪಿಸಿದ್ದು ಯಾವುದು ಎಂದು ಬೇರ್ಪಡಿಸಿತು. ಗ್ರಾಮದ ಶೇಕಡಾ 20 ಅಥವಾ ಹೆಚ್ಚು ಭಾಗ ಸೂಕ್ಷ್ಮವೆಂದಾದರೆ ಇಡೀ ಗ್ರಾಮ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ. ಕೇಂದ್ರದ ಕರಡು ಅಧಿಸೂಚನೆಗಳಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸುಳ್ಯ, ಬೆಳ್ತಂಗಡಿ, ಕಾರ್ಕಳ, ಬೈಂದೂರು ಕಡೆಯ ಕೃಷಿಕರು ನಮ್ಮ ತೋಟವನ್ನೇ ಕಾಡೆಂದು ಬರೆದಿದ್ದಾರೆ ಎಂದು ಸಿಟ್ಟಾದರು. ಎರಡು ತಲೆಮಾರು ಅಡಿಕೆಗೆ ನೀರು ಹೊಯ್ದವರಿಗೆ ಬರಬೇಕಾದ ಸಿಟ್ಟೇ ಅದು. ಆರನೆಯ ಕರಡು 2024ರ ಜುಲೈಯಲ್ಲಿ ಬಂತು, ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮತ್ತೆ ಬೇಡವೆಂದಿತು. ವರದಿ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಮೇಲಿನಿಂದ ತೆಗೆದ ಚಿತ್ರವನ್ನು ಊರಿನವರ ಜೊತೆ ಕುಳಿತು ತಾಳೆ ನೋಡದೆ ಕೆಳಗಿಳಿಸಿದ್ದರ ಫಲವಾಗಿ, ಇವತ್ತು ಗಿಡ ಎಣಿಸಲು ಹೋದವನ ಕೈಯಲ್ಲಿ ಜಿಪಿಎಸ್ ಕಂಡರೂ ಜನ ಗೇಟು ಹಾಕಿಕೊಳ್ಳುತ್ತಾರೆ. ನನಗೆ ಅಜ್ಜರನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಒಪ್ಪಿದ ಮೇಲೆ ಅವರೇ ಪದವಿನ ಇನ್ನೊಂದು ಮೂಲೆಯಲ್ಲಿ, ಮೊದಲ ಗುಡುಗಿಗೆ ಕಲ್ಲಣಬೆ ಏಳುವ ಬೋಗಿ ಮರಗಳ ಬುಡ ತೋರಿಸಿದರು. ಕಲ್ಲಣಬೆಗೂ ಬೋಗಿಯ ಬೇರಿಗೂ ಕೊಡುಕೊಳ್ಳುವ ಸಂಬಂಧವಿದೆ ಎಂಬುದು ವಿಜ್ಞಾನಕ್ಕೂ ಗೊತ್ತು. ಯಾವ ಮರದ ಬುಡದಲ್ಲಿ ಎಂಬುದು ಅಜ್ಜರಿಗೆ ಗೊತ್ತು.

ತಂತ್ರಜ್ಞಾನವನ್ನು ಹಳಿಯುವ ಉದ್ದೇಶ ನನ್ನದಲ್ಲ. ಅದು ನಿಜಕ್ಕೂ ಗೆದ್ದ ಜಾಗಗಳಿವೆ. ಕುಂದಾಪುರದ ಪಂಚಗಂಗಾವಳಿ ಅಳಿವೆಯ ಕಾಂಡ್ಲ ಕಾಡನ್ನೇ, ಅಂದರೆ ಮ್ಯಾಂಗ್ರೋವ್ ಕಾಡನ್ನೇ ತೆಗೆದುಕೊಳ್ಳಿ. ಕೆಸರಿನಲ್ಲಿ ತೊಡೆಯವರೆಗೆ ಹೂತುಕೊಂಡು ನಡೆದು ಅಳೆಯುವುದು ಯಾರಿಂದ ಸಾಧ್ಯ? ಚಿತ್ರದಲ್ಲಿ ಕುದ್ರುಗಳ (ನದಿಯ ನಡುಗಡ್ಡೆಗಳ) ಸುತ್ತ ಕಾಂಡ್ಲದ ಕಡುಹಸಿರು ಸೊಗಸಾಗಿ ಬೇರ್ಪಡುತ್ತದೆ, ಹತ್ತು ವರ್ಷದ ಹಿಂದಿನದಕ್ಕೆ ಹೋಲಿಸಿ ಎಲ್ಲಿ ಬೆಳೆದಿದೆ, ಎಲ್ಲಿ ಮಣ್ಣು ತುಂಬಿದ್ದಾರೆ ಎಂದು ಕುಳಿತಲ್ಲೇ ಹೇಳಬಹುದು. ಇದರ ಮೇಲೆ ಕಾನೂನೂ ನಿಂತಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಕಾಂಡ್ಲ 1,000 ಚದರ ಮೀಟರಿಗಿಂತ ಹೆಚ್ಚಿದ್ದರೆ ಅದರ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ. 1,000 ಚದರ ಮೀಟರ್ ಎಂದರೆ ಸುಮಾರು 25 ಸೆಂಟ್ಸ್. ಅದಕ್ಕಿಂತ ಕೊಂಚ ಕಡಿಮೆ ಎಂದು ನಕ್ಷೆ ಹೇಳಿದರೆ ಪಕ್ಕದಲ್ಲಿ ರೆಸಾರ್ಟ್ ಏಳಬಹುದು, ಕೊಂಚ ಹೆಚ್ಚೆಂದರೆ ಏಳದು.

ಆದರೆ ಗುರುಪುರ, ಶಾಂಭವಿ, ಸ್ವರ್ಣಾ ನದಿಗಳ ದಂಡೆಯಲ್ಲಿ ಕಾಂಡ್ಲ ಹಲವೆಡೆ ಸೀರೆಯ ಅಂಚಿನಂತೆ ಸಪೂರ. 5 ಮೀಟರ್ ಅಗಲ, 200 ಮೀಟರ್ ಉದ್ದದ ಒಂದು ಪಟ್ಟಿಯನ್ನು ಊಹಿಸಿಕೊಳ್ಳಿ. ಲೆಕ್ಕಕ್ಕೆ ಸರಿಯಾಗಿ 1,000 ಚದರ ಮೀಟರ್. ಹತ್ತು ಮೀಟರ್ ಚುಕ್ಕಿಯ ಚಿತ್ರದಲ್ಲಿ ಮಾತ್ರ ಅದರ ಪ್ರತಿ ಚುಕ್ಕಿಯೂ ಅರ್ಧ ಗಿಡ, ಅರ್ಧ ನೀರು. ಯಂತ್ರ ಅದನ್ನು ನೀರೆಂದರೂ ಆಯಿತು, ಹೊಲವೆಂದರೂ ಆಯಿತು, ಕಾಂಡ್ಲವೆಂದರೂ ಆಯಿತು. ಇಲ್ಲಿಗೆ ಡ್ರೋನ್ ಬೇಕು. ಇಳಿತದ ಹೊತ್ತಿಗೆ ನೂರು ಮೀಟರಿನೊಳಗಿನ ಎತ್ತರದಿಂದ ತೆಗೆದ ಚಿತ್ರದಲ್ಲಿ ಒಂದೊಂದು ಗಿಡದ ತಲೆಯನ್ನೂ ಎಣಿಸಬಹುದು. ಬಜ್ಪೆಯ ವಿಮಾನ ನಿಲ್ದಾಣದ ಸುತ್ತಲಿನ ವಲಯದಲ್ಲಿ ಹಾರಿಸಲು ಅನುಮತಿಯ ತಾಪತ್ರಯವಿದೆ, ಅದು ಇರಬೇಕಾದದ್ದೇ. ನಕ್ಷೆಯ ಮೇಲೆ ವ್ಯಾಜ್ಯ ನಿಲ್ಲುವ ಕಡೆಯಲ್ಲಾದರೂ ಆ ತಾಪತ್ರಯ ಪಡಲೇಬೇಕು.

ಪದವಿಗೂ ಯಂತ್ರದ ಮದ್ದು ಇದೆ. ಸೆಂಟಿನೆಲ್-1 ಎಂಬ ಉಪಗ್ರಹ ಬೆಳಕಿನ ಬದಲು ರೇಡಾರ್ ತರಂಗ ಬಳಸುತ್ತದೆ. ಮೋಡ ಅದಕ್ಕೆ ಅಡ್ಡಿಯಲ್ಲ. ಮಳೆಗಾಲದಲ್ಲಿ ಯಾವ ಪದವಿನ ಮೇಲೆ ನೀರು ನಿಲ್ಲುತ್ತದೆ ಎಂಬುದರ ಸುಳಿವನ್ನು ಅದರ ಚಿತ್ರಗಳಿಂದ ಹಿಡಿಯಬಹುದು; ನಿಂತ ನೀರು ರೇಡಾರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಸಣ್ಣ ತಗ್ಗುಗಳು ತಪ್ಪಿಹೋದಾವು, ಆದರೆ ದೊಡ್ಡ ಪಳ್ಳಗಳು, ಅಂದರೆ ಮಳೆನೀರು ನಿಲ್ಲುವ ಹೊಂಡಗಳು, ಸಿಗುತ್ತವೆ. ಹೂವು ಕಾಣದಿದ್ದರೂ ಹೂ ಬಿಡುವ ಜಾಗ ಯಾವುದಿರಬಹುದೆಂದು ಗೊತ್ತಾದರೆ ಚೌಕಟ್ಟು ಎಲ್ಲಿ ಇಡಬೇಕೆಂದು ತಿಳಿಯುತ್ತದೆ. ಈ ಚಿತ್ರಗಳು ಪುಕ್ಕಟೆ ಸಿಗುತ್ತವೆ, ವಿಂಗಡಿಸಲು ಕ್ಯೂಜಿಐಎಸ್ ಎಂಬ ಪುಕ್ಕಟೆ ತಂತ್ರಾಂಶವೂ ಇದೆ. ಅದರ ಮೇಲೆ ಸರ್ವೆ ನಂಬರಿನ ಗಡಿ ಹೊಂದಿಸಿಟ್ಟರೆ, ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನೋಡಿ ಅಭ್ಯಾಸವಿರುವ ಯಾವ ಪಂಚಾಯಿತಿ ಸದಸ್ಯನಿಗೂ ಅರ್ಥವಾಗುತ್ತದೆ. ನನ್ನ ವಿದ್ಯಾರ್ಥಿನಿ ಇದನ್ನು ಒಂದು ಭಾನುವಾರ ಕುಳಿತು ಮಾಡಿ ತೋರಿಸಿದಳು. ಮಾಡಲು ಯಾರೂ ಹೇಳಿರಲಿಲ್ಲ, ಮಾಡಿದ್ದಕ್ಕೆ ಯಾರೂ ದುಡ್ಡು ಕೊಡಲಿಲ್ಲ.

ಇಷ್ಟಾದರೂ ಚೌಕಟ್ಟಿನ ಮುಂದೆ ಕುಳಿತವನಿಗೆ ಗಿಡ ಗೊತ್ತಿರಬೇಕು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ನಮ್ಮವರು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತಾರಷ್ಟೆ. ಕತ್ತಲಲ್ಲಿ ಹಾಲೆಯ ಬದಲು ಕಾಸರಕದ ತೊಗಟೆ ತಂದರೆ ಪ್ರಾಣಕ್ಕೆ ಕುತ್ತು, ಪ್ರತಿ ವರ್ಷ ವೈದ್ಯರು ಎಚ್ಚರಿಸುತ್ತಾರೆ. ಅದಕ್ಕೇ ಹಿರಿಯರು ಹಗಲಲ್ಲೇ ಹೋಗಿ ಮರ ನೋಡಿ ಬುಡಕ್ಕೆ ಗುರುತು ಕಟ್ಟಿ ಬರುತ್ತಿದ್ದರು. ಸಸ್ಯ ಸಮೀಕ್ಷೆಯ ಮೂಲಪಾಠ ಅದರಲ್ಲಿದೆ: ಗಿಡದ ಹೆಸರು, ಜಾಗ, ಸಾಕ್ಷಿ. ವೃತ್ತಿಯ ಭಾಷೆಯಲ್ಲಿ ಸಾಕ್ಷಿ ಎಂದರೆ ಒಣಗಿಸಿದ ಮಾದರಿ. ಗಿಡವನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ಒಣಗಿಸಿ, ತಾರೀಖು-ಜಾಗ ಬರೆದು ಸಸ್ಯಾಲಯದಲ್ಲಿಡುವುದು. ನಾಳೆ ಯಾರಾದರೂ ಇದು ಆ ಗಿಡವಲ್ಲ ಎಂದರೆ ತೆಗೆದು ನೋಡಬಹುದು. ಮಳೆಗಾಲದಲ್ಲಿ ಈ ಕೆಲಸ ಎಷ್ಟು ಪ್ರಾಣಸಂಕಟವೆಂದು ಮಾಡಿದವರಿಗೇ ಗೊತ್ತು. ದಿನಕ್ಕೆರಡು ಸಲ ಹಾಳೆ ಬದಲಿಸದಿದ್ದರೆ ಬೂಸಲು. ನಮ್ಮ ಮನೆಯಲ್ಲಿ ಆಟಿ ಪೂರ್ತಿ ಫ್ರಿಜ್ಜಿನ ಮೇಲೆ, ಇಸ್ತ್ರಿ ಮೇಜಿನ ಕೆಳಗೆ ಹಳೆಯ ಪತ್ರಿಕೆಯ ಕಟ್ಟುಗಳು, ಅದರ ಬಗ್ಗೆ ಮನೆಯವರ ಅಭಿಪ್ರಾಯ ಅಚ್ಚಿಗೆ ಯೋಗ್ಯವಲ್ಲ. ಮಾರ್ಚಿನಲ್ಲಿ ಸಮೀಕ್ಷೆ ಮಾಡುವವರಿಗೆ ಈ ರಗಳೆಯೂ ಇಲ್ಲ.

ಉಡುಪಿಗೆ ಈ ವಿಷಯದಲ್ಲಿ ಬಡತನವೇನೂ ಇಲ್ಲ. ಪೂರ್ಣಪ್ರಜ್ಞ ಕಾಲೇಜಿನಲ್ಲಿ ಕಲಿಸುತ್ತಿದ್ದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಉಡುಪಿಯ ಸಸ್ಯಸಂಪತ್ತಿನ ಗ್ರಂಥವನ್ನು 2003ರಲ್ಲೇ ಕೊಟ್ಟವರು, ಮುಂದೆ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳನ್ನು ಸೇರಿಸಿ ಬರೆದರು. ಅದನ್ನು ಕೈಯಲ್ಲಿ ಹಿಡಿದು ಪದವಿಗಿಳಿಯುವ ಬದಲು ಮೊಬೈಲ್ ಆ್ಯಪ್‌ಗೆ ಫೋಟೊ ತೋರಿಸಿ ಅದು ಹೇಳಿದ ಹೆಸರನ್ನು ಬರೆದುಕೊಳ್ಳುವವರನ್ನೂ ಕಂಡಿದ್ದೇನೆ. ದಾಸವಾಳಕ್ಕೆ ಆ್ಯಪ್ ಸಾಕು, ಎರಿಯೋಕಾಲಾನಿಗೆ ಸಾಲದು. ಇನ್ನೂ ಹಿಂದೆ ಹೋದರೆ, ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳ 12 ಸಂಪುಟ ಮಾಡಿಸಿದಾಗ ಗಿಡ ತೋರಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ವೈದ್ಯ ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಮೊದಲ ಸಂಪುಟದಲ್ಲಿ ಅವರ ಹೇಳಿಕೆ ಅವರದೇ ಭಾಷೆ-ಲಿಪಿಯಲ್ಲಿ ಅಚ್ಚಾಗಿದೆ. ಕಾಂಡ್ಲದ ಒಂದು ಕುಲಕ್ಕೆ ಇವತ್ತಿಗೂ ಕಾಂಡೇಲಿಯಾ ಎಂಬ ಹೆಸರಿರುವುದು ಆ ಗ್ರಂಥದಲ್ಲಿ ದಾಖಲಾದ ಊರ ಹೆಸರಿನಿಂದ. ಮುನ್ನೂರು ವರ್ಷದ ಹಿಂದಿನ ಆ ಅಧಿಕಾರಿ ಗಿಡ ಹೇಳಿಕೊಟ್ಟವರ ಹೆಸರು ಹಾಕಿಸಿದ. ನಮ್ಮ ವರದಿಗಳಲ್ಲಿ ಅಜ್ಜರ ಹೆಸರಿರಲಿ, ಗಿಡದ ಜಾಗದ ಅಕ್ಷಾಂಶ-ರೇಖಾಂಶವೇ ಇರುವುದಿಲ್ಲ.

ಜಾಗವಿಲ್ಲದ ಪಟ್ಟಿ ಯಾವ ಊರಿಗೂ ಹೊಂದುತ್ತದೆ. ಸುಮಾರು ಎರಡು ದಶಕದ ಹಿಂದೆ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ಪರಿಸರ ವರದಿಯಲ್ಲಿ ಬರ್ಚ್, ಸ್ಪ್ರೂಸ್ ಮರಗಳ ಕಾಡಿನ ವರ್ಣನೆ ಬಂತು. ರಷ್ಯಾದ ಗಣಿಯ ವರದಿಯಿಂದ ಎತ್ತಿ ಅಂಟಿಸಿದ್ದೆಂದು ಬಯಲಾಯಿತು. ಕೊಂಕಣದ ಕೆಂಪುಕಲ್ಲಿನ ಮೇಲೆ ಹಿಮನಾಡಿನ ಮರ! ಅದು ಸಿಕ್ಕಿಬಿದ್ದದ್ದು ಮರ ತೀರಾ ದೂರದ್ದಾಗಿದ್ದಕ್ಕೆ. ಸಾಗುವಾನಿ, ಗೇರು, ಬೇವು ಎಂದು ಬಳ್ಳಾರಿಯ ಪಟ್ಟಿಯನ್ನು ಬಂಟ್ವಾಳಕ್ಕೆ ಅಂಟಿಸಿದರೆ ಯಾರು ಹಿಡಿಯುತ್ತಾರೆ? ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯದೂ ಇದೇ ಕತೆ. 2002ರ ಕಾಯ್ದೆ ಊರೂರಿಗೂ ಸಮಿತಿ ಮಾಡಿ, ಜನರಿಂದಲೇ ಕೇಳಿ ಗಿಡ-ಪ್ರಾಣಿಗಳ ದಾಖಲೆ ಬರೆಯಿರಿ ಎಂದಿತು. ವರ್ಷಗಟ್ಟಲೆ ಏನೂ ಆಗಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ಹೇಳಿದ್ದೇ ತಡ, ದೇಶದ ತುಂಬ ದಾಖಲೆಗಳು ಮಳೆಯ ಅಣಬೆಯಂತೆ ಎದ್ದವು. ನಾನು ನೋಡಿದ ಎರಡು ಪಕ್ಕದ ಪಂಚಾಯಿತಿಗಳ ದಾಖಲೆಯಲ್ಲಿ ಕಾಗುಣಿತದ ತಪ್ಪೂ ಒಂದೇ ಆಗಿತ್ತು.

ಇದಕ್ಕೆಲ್ಲ ಸಲಹಾ ಸಂಸ್ಥೆಗಳ ಸಿಬ್ಬಂದಿಯನ್ನು ದೂರುವುದು ಸುಲಭ. ನನ್ನ ಅನುಭವದಲ್ಲಿ ಅವರಲ್ಲಿ ಒಳ್ಳೆಯ ಕಣ್ಣಿನ, ಗಟ್ಟಿ ಕಾಲಿನ ಹುಡುಗ-ಹುಡುಗಿಯರು ಬೇಕಾದಷ್ಟಿದ್ದಾರೆ. ಇಂಥ ಸಂಸ್ಥೆಗಳ ಅರ್ಹತೆ ಪರೀಕ್ಷಿಸುವ ನ್ಯಾಬೆಟ್ ಎಂಬ ಮಂಡಳಿಯ ಮಾನ್ಯತೆ ಸಂಸ್ಥೆಗೆ ಬೇಕು, ಜೀವವೈವಿಧ್ಯಕ್ಕೆ ಪ್ರತ್ಯೇಕ ತಜ್ಞರಿರಬೇಕು ಎಂಬ ನಿಯಮಗಳಿವೆ. ಆದರೆ ಅವರಿಗೆ ಸಂಬಳ ಬರುವುದು ಯಾರ ಯೋಜನೆಯನ್ನು ಪರೀಕ್ಷಿಸುತ್ತಾರೋ ಅವರ ಕಿಸೆಯಿಂದ. ವರದಿಗೆ ದುಡ್ಡು ಕೊಟ್ಟವನಿಗೆ ಬೇಕಾಗಿರುವುದು ಅನುಮತಿ, ಗಿಡದ ಪಟ್ಟಿಯಲ್ಲ. ಇಲ್ಲಿ ಲಂಚದ ಮಾತೇ ಬೇಕಾಗಿಲ್ಲ. ಇನ್ನೊಂದು ಋತು ಕಾಯೋಣ ಎಂದ ಸಂಸ್ಥೆಗೆ ಮುಂದಿನ ಗುತ್ತಿಗೆ ಸಿಗುವುದಿಲ್ಲ, ಅಷ್ಟು ಸಾಕು. ಶುಲ್ಕವನ್ನು ಅನುಮತಿ ಕೊಡುವ ಪ್ರಾಧಿಕಾರದಲ್ಲಿ ಠೇವಣಿಯಿಟ್ಟು, ಸಂಸ್ಥೆಯನ್ನು ಪ್ರಾಧಿಕಾರವೇ ನೇಮಿಸಲಿ ಎಂಬ ಬೇಡಿಕೆ ಹಳೆಯದು. ಆಗುವ ಲಕ್ಷಣ ನನಗೆ ಕಾಣುತ್ತಿಲ್ಲ.

ಆಗಬಹುದಾದದ್ದು ಚಿಕ್ಕದು. ಕರಾವಳಿಯ ಕೆಂಪುಕಲ್ಲಿನ ಮೇಲಿನ ಯಾವುದೇ ಯೋಜನೆಗೆ ಜುಲೈಯಿಂದ ಸೆಪ್ಟೆಂಬರ್ ನಡುವೆ ಇನ್ನೊಂದು ಸಸ್ಯ ಸಮೀಕ್ಷೆ ಕಡ್ಡಾಯ ಎಂದು ಅಧ್ಯಯನದ ಷರತ್ತಿನಲ್ಲಿ ಒಂದು ಸಾಲು ಸೇರಿಸುವುದು. ಭೂಸ್ವಾಧೀನಕ್ಕೇ ವರ್ಷಗಟ್ಟಲೆ ಎಳೆಯುವ ಯೋಜನೆಗೆ ಒಂದು ಆಟಿ ಕಾಯುವುದು ಭಾರವಲ್ಲ. ಪ್ರತಿ ಗಿಡದ ಎದುರು ಜಾಗದ ಅಂಕಿ, ಮಾದರಿಯ ಸಂಖ್ಯೆ ಬರೆಯಬೇಕೆಂದರೆ ಅಂಟಿಸುವವರ ಕೈ ಅರ್ಧ ಕಟ್ಟಿದಂತೆ. ಔಷಧಿಗೋ ಮಾರಾಟಕ್ಕೋ ಕಿತ್ತೊಯ್ಯುವ ಗಿಡಗಳ ನಿಖರ ಜಾಗವನ್ನು ಸಾರ್ವಜನಿಕ ಪ್ರತಿಯಲ್ಲಿ ಮಸುಕು ಮಾಡಬಹುದು, ಪ್ರಾಧಿಕಾರದ ಪ್ರತಿಯಲ್ಲಿ ಇದ್ದರಾಯಿತು. ಆದರೆ ಇದೂ ದೊಡ್ಡ ಯೋಜನೆಗಳಿಗಷ್ಟೇ ತಗಲುವ ಮಾತು. ನಿರ್ಮಾಣ 20,000 ಚದರ ಮೀಟರಿಗಿಂತ ಕಡಿಮೆಯಿದ್ದರೆ ಪರಿಸರ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ಭೂಪರಿವರ್ತನೆ, ಪಂಚಾಯಿತಿಯ 9/11 ಆಸ್ತಿ ನಮೂನೆ, ಲೇಔಟ್ ನಕ್ಷೆ ಎಂದು ಐದೈದು ಸೆಂಟ್ಸಿನಂತೆ ಕರಗುವ ಪದವಿಗೆ ಯಾವ ಸಮೀಕ್ಷೆಯೂ ಇಲ್ಲ, ಮಾರ್ಚಿನದೂ ಇಲ್ಲ, ಆಟಿಯದೂ ಇಲ್ಲ. ಅಲ್ಲಿ ಉಳಿಯುವುದು ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಮತ್ತು ಅದರ ಅಂಟಿಸಿದ ದಾಖಲೆ ಮಾತ್ರ. ಯಾವುದಾದರೂ ಒಂದು ಪಂಚಾಯಿತಿ ತನ್ನ ಪದವನ್ನು ಕಾಲೇಜಿನ ಮಕ್ಕಳಿಂದ ಮಳೆಗಾಲದಲ್ಲಿ ಚೌಕ ಹಾಕಿಸಿ ಆ ದಾಖಲೆಯನ್ನು ಹೊಸದಾಗಿ ಬರೆಸಿದರೆ, ನಾನು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಾದರೂ ಹೋಗುತ್ತೇನೆ.

ಕಳೆದ ವಾರ ಒಂದು ಸಂಸ್ಥೆಯಿಂದ ಫೋನು ಬಂತು. ದನಿ ಕೇಳಿದರೆ ಹೊಸ ಹುಡುಗ, ವಿನಯವಂತ. ಕೆಂಪುಕಲ್ಲಿನ ಜಾಗವೊಂದರ ಸಸ್ಯ ಸಮೀಕ್ಷೆಗೆ ನಾನು ಬರಬೇಕಂತೆ. ಆ ಪದವು ನನಗೆ ಗೊತ್ತು, ನಡುವೆ ಒಂದು ಒಳ್ಳೆಯ ಪಳ್ಳವಿದೆ. ಆಟಿಯಲ್ಲಾದರೆ ಬರುತ್ತೇನೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಪಕ್ಕದಲ್ಲಿ ಯಾರನ್ನೋ ಕೇಳಿದಂತಿತ್ತು. "ಆಗಬಹುದು ಸರ್, ನೀವು ಹೇಳಿದ ಹಾಗೆ ಮಳೆಗಾಲದಲ್ಲೇ ಮಾಡೋಣ. ಆದರೆ ವರದಿಯನ್ನು ಮೇ ಕೊನೆಗೆ ಕೊಡಬೇಕಾಗಿದೆ."